ನೆರೆಹೊರೆಯ ಕೂಟ ಮತ್ತು ಕ್ರೈಸ್ತ ಸುವಾರ್ತೆ: ಬೇಲೂರು–ಹಾಸನ ಸೀಮೆಯಿಂದ ಒಂದು ನೋಟ

ನೆರೆಹೊರೆಯವರನ್ನು ಮನೆಗೆ ಕರೆದು, ಕಾಫಿ ತಿಂಡಿ ಕೊಟ್ಟು, ಮಳೆ ಬೆಳೆ ಮಕ್ಕಳುಮರಿಯ ಮಾತಾಡುತ್ತ ಆ ಮಾತಿನ ನಡುವೆಯೇ ತಮ್ಮ ನಂಬಿಕೆಯನ್ನೂ ಹೇಳಿಕೊಳ್ಳುವುದು ಕ್ರೈಸ್ತ ಸುವಾರ್ತಾ ಪ್ರಸಾರದ ಒಂದು ಬಗೆ. ಇದಕ್ಕೆ ಚರ್ಚಿನ ಕಟ್ಟಡ ಬೇಡ, ಪೀಠ ಬೇಡ, ಧ್ವನಿವರ್ಧಕವೂ ಬೇಡ. ನಡುಮನೆ ಇದ್ದರೆ, ಹಾಸಲು ಚಾಪೆ ಇದ್ದರೆ ಆಯಿತು. ಅಮೆರಿಕ, ಇಂಗ್ಲೆಂಡಿನ ಚರ್ಚುಗಳು ಇದನ್ನು ಯಾರಿಗೂ ಮುಜುಗರ ತರದ ತೀರ ಹಗುರವಾದ ದಾರಿ ಎಂದು ಎಣಿಸುತ್ತವೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯಲ್ಲೋ, ಹಳೇಬೀಡಿನಲ್ಲೋ, ಅರಸೀಕೆರೆಯಲ್ಲೋ ನಿಂತು ನೋಡಿದರೆ ಈ ಲೆಕ್ಕ ತಿರುವುಮುರುವಾಗುತ್ತದೆ. ಈ ಸೀಮೆಯಲ್ಲಿ ಪಾದ್ರಿಯೊಬ್ಬ ಸಂತೆಯಲ್ಲಿ ನಿಂತು ಉಪದೇಶ ಮಾಡುವುದು ಸುಲಭವಾಗಿತ್ತು. ಒಂದೇ ಸೂರಿನಡಿ ಕೂತು ಒಟ್ಟಿಗೆ ತಿನ್ನುವುದು ಕಷ್ಟವಾಗಿತ್ತು. ಯಾರ ಮನೆಯ ನೀರನ್ನು ಯಾರು ಕುಡಿಯಬಹುದು ಎಂಬುದರ ಮೇಲೆಯೇ ಊರು ನಿಂತಿದ್ದ ಕಾಲದಲ್ಲಿ ಒಂದು ಲೋಟ ನೀರು ಕೂಡ ಉಪದೇಶಕ್ಕಿಂತ ದೊಡ್ಡ ಪ್ರಶ್ನೆ ಎತ್ತುತ್ತಿತ್ತು. ಹಾಗಾಗಿ ಕನ್ನಡ ನಾಡಿನಲ್ಲಿ ಈ ಕೂಟದ ಚರಿತ್ರೆ ಬಹುಮಟ್ಟಿಗೆ ಊಟದ ಚರಿತ್ರೆಯೂ ಹೌದು.

ಕ್ರೈಸ್ತ ಧರ್ಮ ಹುಟ್ಟಿ ಬೆಳೆದದ್ದೇ ಮನೆಗಳಲ್ಲಿ. ಮೊದಲ ಶಿಷ್ಯರು ಮನೆಮನೆಗಳಲ್ಲಿ ಸೇರಿ ರೊಟ್ಟಿ ಮುರಿಯುತ್ತಿದ್ದರೆಂದು ಬೈಬಲಿನ ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಫಿಲಿಪ್ಪಿ ಪಟ್ಟಣದಲ್ಲಿ ಪೌಲನನ್ನು ತನ್ನ ಮನೆಯಲ್ಲಿ ಉಳಿಸಿಕೊಂಡ ಲುದ್ಯಳು ಬೆಲೆಬಾಳುವ ಧೂಮ್ರವರ್ಣದ ಬಟ್ಟೆಯ ವ್ಯಾಪಾರಿ. ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ ಗುಡಾರ ಹೊಲಿದು ಬದುಕುತ್ತಿದ್ದವರು. ಸಭೆ ಸೇರಲೆಂದೇ ಮಾರ್ಪಡಿಸಿದ ಅತಿ ಹಳೆಯ ಕ್ರೈಸ್ತ ಮನೆ ಸಿಕ್ಕಿರುವುದು ಯೂಫ್ರೆಟಿಸ್ ನದಿಯ ದಂಡೆಯ ದುರಾ ಯುರೋಪೋಸ್‌ನಲ್ಲಿ, ಇಂದಿನ ಸಿರಿಯಾದಲ್ಲಿ. ಕ್ರಿ.ಶ. 240ರ ಸುಮಾರಿಗೆ ಅಲ್ಲಿ ಯಾರೋ ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಒಂದು ಪಡಸಾಲೆ ಮಾಡಿದ್ದರು, ಇನ್ನೊಂದು ಕೋಣೆಯನ್ನು ದೀಕ್ಷಾಸ್ನಾನಕ್ಕೆ ಬಿಟ್ಟಿದ್ದರು. ಹೊರಗಿನಿಂದ ನೋಡಿದರೆ ಬೀದಿಯ ಉಳಿದ ಮನೆಗಳಿಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ.

ಹಾಸನದ ಕಡೆಗೆ ಬಂದ ಪ್ರಾಟೆಸ್ಟೆಂಟ್ ಪರಂಪರೆಗೆ ಈ ವಿಧಾನ ತಲುಪಿದ್ದು ಇನ್ನೊಂದು ದಾರಿಯಿಂದ, ಸಾಲದ ನೆಪದಲ್ಲಿ. 1742ರಲ್ಲಿ ಬ್ರಿಸ್ಟಲ್ ಪಟ್ಟಣದ ಮೆಥಡಿಸ್ಟರು ತಮ್ಮ ಸಭಾಗೃಹದ ಸಾಲ ತೀರಿಸಲು ಕೂತಾಗ ಕ್ಯಾಪ್ಟನ್ ಫೋಯ್ ಎಂಬಾತ ತಲೆಗೆ ವಾರಕ್ಕೊಂದು ಪೆನ್ನಿ ಎತ್ತೋಣ ಎಂದ. ಬಡವರಿಗೆ ಅದೂ ಕಷ್ಟವಲ್ಲವೇ ಎಂಬ ಮಾತು ಬಂತು. ಹಾಗಾದರೆ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ಅವರು ಕೊಡಲಾಗದ್ದನ್ನು ನಾನೇ ತುಂಬುತ್ತೇನೆ ಎಂದ. ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಮನೆಯೊಳಗಿನ ಜಗಳ, ಕುಡಿತ, ಕಾಯಿಲೆ ಎಲ್ಲ ಕಣ್ಣಿಗೆ ಬಿತ್ತು. ಜಾನ್ ವೆಸ್ಲಿ ಇದನ್ನೇ ವ್ಯವಸ್ಥೆಯಾಗಿ ಕಟ್ಟಿದರು: ಹನ್ನೆರಡು ಮಂದಿಯ ಗುಂಪು, ಒಬ್ಬ ಮುಖಂಡ, ವಾರಕ್ಕೊಮ್ಮೆ ಕೂಟ. ಚಂದಾ ವಸೂಲಿಯಿಂದ ಹುಟ್ಟಿದ ಈ ಗುಂಪುಗಳೇ ಮೆಥಡಿಸ್ಟ್ ಚಳವಳಿಯ ಜೀವನಾಡಿಯಾದವು. ವೆಸ್ಲಿಯ ಅನುಯಾಯಿಗಳಾದ ಎಲೈಜಾ ಹೂಲ್ ಮತ್ತು ಜೇಮ್ಸ್ ಮೊವಾಟ್ 1821ರಲ್ಲಿ ಬೆಂಗಳೂರಿಗೆ ಬಂದರು. 1837ರಲ್ಲಿ ಥಾಮಸ್ ಹಾಡ್ಸನ್ ತುಮಕೂರು ಸೀಮೆಯ ಗುಬ್ಬಿಯಲ್ಲಿ ನೆಲೆ ಹೂಡಿದರು. ಮುಂದೆ ತುಮಕೂರು, ಮೈಸೂರು, ಹಾಸನಗಳೆಲ್ಲ ವೆಸ್ಲಿಯನ್ ಮಿಷನ್ನಿನ ಕೇಂದ್ರಗಳಾದವು.

ಇವರಿಗಿಂತ ಬಹಳ ಮೊದಲೇ ಕಥೋಲಿಕರು ಬಂದಿದ್ದರು. 1640ರ ದಶಕದ ಕೊನೆಗೆ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು, ಸಂನ್ಯಾಸಿಯ ಉಡುಪು ತೊಟ್ಟು, ಕನ್ನಡ ಕಲಿತು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಆಗಲೇ ತೋರಿಸಿದ್ದ ಹಾದಿ ಅದು: ಪರಂಗಿಯವರಿಂದ ದೂರ ಇರುವುದು, ಮಾಂಸ ಮದ್ಯ ಬಿಡುವುದು, ಬ್ರಾಹ್ಮಣರ ಕೈಯಲ್ಲೇ ಅಡುಗೆ ಮಾಡಿಸುವುದು. ಮೇಲುಜಾತಿಯವರು ಬಂದು ಕೂರಬೇಕಾದರೆ ಮೊದಲು ಅಡುಗೆಮನೆಯನ್ನು ಸರಿಪಡಿಸಬೇಕು ಎಂದು ಅವರಿಗೆ ಅರ್ಥವಾಗಿತ್ತು. ಆ ಮಾರ್ಗದ ಬೆಲೆಯನ್ನು ತೆತ್ತವರು ಕೆಳಜಾತಿಯ ಕ್ರೈಸ್ತರು ಎಂಬುದನ್ನು ಮರೆಯುವಂತಿಲ್ಲ. ಅವರಿಗೆ ಬೇರೆ ಪಾದ್ರಿ, ಬೇರೆ ಬಾಗಿಲು.

ಹಾಸನ ಜಿಲ್ಲೆಗೆ ನೇರ ನಂಟಿರುವ ಹೆಸರು ಫ್ರೆಂಚ್ ಪಾದ್ರಿ ಅಬೆ ದುಬೋಯಿಯವರದು. 1792ರಲ್ಲಿ ಭಾರತಕ್ಕೆ ಬಂದ ಇವರು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದರು. ದೇಸಿ ಉಡುಪು, ಸಸ್ಯಾಹಾರ, ಕೈಯಲ್ಲಿ ಬಿದಿರುಕೋಲು. ಜನರ ಬಾಯಲ್ಲಿ ಅವರು ದೊಡ್ಡ ಸ್ವಾಮಿಯವರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ಬೇಸಾಯಗಾರರ ನೆಲೆಯೊಂದನ್ನು ಕಟ್ಟಿದರು. ಸಿಡುಬಿನ ಲಸಿಕೆ ಹಾಕಿಸುತ್ತ ಊರೂರು ತಿರುಗಿದರು. ಇಷ್ಟೆಲ್ಲ ಬೆರೆತು ಬಾಳಿದ ಮನುಷ್ಯ 1823ರಲ್ಲಿ ಊರಿಗೆ ಮರಳಿದಾಗ ಪ್ರಕಟಿಸಿದ ಪತ್ರಗಳಲ್ಲಿ, ಈಗಿರುವ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ವಾದಿಸಿದರು. ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಮಿಷನರಿಗಳು ಇದಕ್ಕೆ ಸಿಡಿದೆದ್ದು ಉತ್ತರ ಬರೆದರು. 

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಮೇಲೆದ್ದು ಕಾಣುವ ಶೆಟ್ಟಿಹಳ್ಳಿಯ ರೋಸರಿ ಚರ್ಚು ಈ ಫ್ರೆಂಚ್ ಮಿಷನರಿ ಪರಂಪರೆಯ ಮುಂದುವರಿಕೆ. ಕಟ್ಟಿದ್ದು 1860ರ ಸುಮಾರಿಗೆ. ಪ್ರವಾಸಿಗರು ಅಲ್ಲಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಣೆಕಟ್ಟೆಗಾಗಿ ಎದ್ದುಹೋದ ಆ ಊರಿನ ಕನ್ನಡ ಕಥೋಲಿಕ ಒಕ್ಕಲುಗಳ ಕಡೆಗೆ ಕ್ಯಾಮೆರಾ ತಿರುಗುವುದು ಕಡಿಮೆ.

ಊಟದ ಹೊಸ್ತಿಲು ಎಷ್ಟು ಎತ್ತರವಾಗಿತ್ತು ಎಂಬುದಕ್ಕೆ ಮಂಗಳೂರಿನ ಒಂದು ಪ್ರಸಂಗ ಸಾಕು. 1834ರಲ್ಲಿ ಅಲ್ಲಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಸಾರಸ್ವತ ಬ್ರಾಹ್ಮಣ ಹುಡುಗರು ಇಂಗ್ಲಿಷ್ ಕಲಿಯುತ್ತಿದ್ದರು, ಮಿಷನ್ನಿನ ಪಾದ್ರಿ ಹೆರ್ಮನ್ ಮ್ಯೋಗ್ಲಿಂಗ್ ಜೊತೆ ಗಂಟೆಗಟ್ಟಲೆ ವಾದಿಸುತ್ತಿದ್ದರು. ಅಷ್ಟರವರೆಗೆ ಊರು ತಕರಾರು ತೆಗೆಯಲಿಲ್ಲ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಇಬ್ಬರು ಗೆಳೆಯರು ದೀಕ್ಷಾಸ್ನಾನ ಪಡೆದು ಮಿಷನರಿಗಳ ಮನೆಯಲ್ಲೇ ಉಳಿದಾಗ ಮಾತ್ರ ಊರು ಕುದಿದುಹೋಯಿತು. ಪಾದ್ರಿಯ ಮೇಜಿನಲ್ಲಿ ಊಟಕ್ಕೆ ಕೂತವನಿಗೆ ಸ್ವಂತ ಮನೆಯ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಮನೆ ಕಳೆದುಕೊಂಡವರಿಗೆ ಮನೆ, ಕೆಲಸ ಎರಡನ್ನೂ ಒದಗಿಸುವ ಹೊರೆ ಮಿಷನ್ನಿನ ಮೇಲೆ ಬಿತ್ತು. ಮಂಗಳೂರಿನ ನೇಯ್ಗೆ ಕಾರ್ಖಾನೆಯೂ 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆಯೂ ಬೆಳೆದದ್ದಕ್ಕೆ ಒಂದು ಕಾರಣ ಇದು.

ಇದರ ತದ್ವಿರುದ್ಧದ ಉದಾಹರಣೆ ಕೊಡಗಿನಲ್ಲಿದೆ. 1850ರ ದಶಕದ ಆರಂಭದಲ್ಲಿ ಅಲಮಂಡ ಸೋಮಯ್ಯ ಎಂಬ ಕೊಡವ ಸಾಧು ಮಂಗಳೂರಿಗೆ ಬಂದು ಮ್ಯೋಗ್ಲಿಂಗರನ್ನು ಕಂಡು ಕ್ರೈಸ್ತನಾದ, ಸ್ಟೆಫಾನಸ್ ಎಂಬ ಹೆಸರು ಪಡೆದ. ಅವನ ಬೆನ್ನಿಗೆ ಮ್ಯೋಗ್ಲಿಂಗ್ ಕೊಡಗಿಗೆ ಹೋಗಿ ಅವನ ಊರಲ್ಲೇ ಬೀಡುಬಿಟ್ಟರು. ಆತಿಥೇಯ ಕೊಡವ, ಅತಿಥಿ ಜರ್ಮನ್ ಪಾದ್ರಿ. ಸುವಾರ್ತಾ ಪ್ರಸಾರದ ಪಾಶ್ಚಾತ್ಯ ಕೈಪಿಡಿಗಳು ಕ್ರೈಸ್ತನೇ ಬಾಗಿಲು ತೆರೆದು ಕಾಯುವವನು ಎಂದುಕೊಂಡಿರುತ್ತವೆ. ಕನ್ನಡ ಸೀಮೆಯ ಅನುಭವ ಹಾಗಿಲ್ಲ. ಪ್ರಚಾರಕ ಬಹಳ ಸಲ ಇನ್ನೊಬ್ಬರ ಜಗಲಿಯ ಮೇಲೆ ಕೂತ ಅತಿಥಿಯೇ ಆಗಿದ್ದ, ಜಗಲಿಯಿಂದ ನಡುಮನೆಗೆ ದಾಟಲು ಒಂದು ತಲೆಮಾರು ಹಿಡಿದದ್ದೂ ಉಂಟು.

ಮೈಸೂರು ಸಂಸ್ಥಾನದ ವೆಸ್ಲಿಯನ್ ಮಿಷನರಿಗಳು ನೆಚ್ಚಿಕೊಂಡದ್ದು ಬೀದಿ, ಸಂತೆ, ಜಾತ್ರೆಗಳನ್ನು. ಗುಬ್ಬಿಯಲ್ಲಿದ್ದ ವಿಲಿಯಂ ಆರ್ಥರ್ 1847ರಲ್ಲಿ ಪ್ರಕಟಿಸಿದ ಮೈಸೂರು ಮಿಷನ್ನಿನ ಪುಸ್ತಕದಲ್ಲಿ ಈ ಬಗೆಯ ವಾದ ಸಂವಾದಗಳ ಚಿತ್ರ ಸಿಗುತ್ತದೆ. ಜನ ಕೇಳುತ್ತಿದ್ದರು, ಎದುರು ಪ್ರಶ್ನೆ ಹಾಕುತ್ತಿದ್ದರು, ಕತ್ತಲಾಗುತ್ತಲೇ ಮನೆಗೆ ಹೋಗುತ್ತಿದ್ದರು. ಬೀದಿಗೆ ಬರದ ಹೆಂಗಸರನ್ನು ಮುಟ್ಟಲು ಮಿಷನರಿ ಮಹಿಳೆಯರು ಮತ್ತು ಬೈಬಲ್ ಸ್ತ್ರೀಯರೆಂದು ಕರೆಯಲಾಗುತ್ತಿದ್ದ ಸ್ಥಳೀಯ ಕ್ರೈಸ್ತ ಹೆಂಗಸರು ಮನೆಮನೆಗೆ ಹೋಗತೊಡಗಿದರು. ಕಸೂತಿ, ಓದುಬರಹ ಕಲಿಸುವುದು, ಹಾಡು ಹೇಳಿಕೊಡುವುದು, ಬಾಣಂತಿಗೆ ಕಷಾಯದ ಸಲಹೆ ಕೊಡುವುದು, ನಡುವೆ ಒಂದು ಕತೆ. ಇಂದಿನ ನೆರೆಹೊರೆಯ ಕೂಟಕ್ಕೆ ಅತಿ ಹತ್ತಿರದ ಪೂರ್ವಜ ಇವರ ಈ ಭೇಟಿಗಳೇ. ಮಿಷನ್ನಿನ ವರದಿಗಳಲ್ಲಿ ಬೈಬಲ್ ಸ್ತ್ರೀಯರ ಹೆಸರು ಹುಡುಕಿದರೆ ಹೆಚ್ಚಿನ ಕಡೆ ಸಿಗುವುದು ಸಂಖ್ಯೆ ಮಾತ್ರ.

1876–78ರ ಭೀಕರ ಬರದಲ್ಲಿ ತಬ್ಬಲಿಗಳಾದ ಮಕ್ಕಳಿಗಾಗಿ ವೆಸ್ಲಿಯನ್ನರು ತುಮಕೂರಿನಲ್ಲಿ ಹುಡುಗರಿಗೆ, ಹಾಸನದಲ್ಲಿ ಹುಡುಗಿಯರಿಗೆ ಅನಾಥಾಲಯ ನಡೆಸಿದರು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯೂ ಇದೇ ಮಿಷನ್ನಿನ ಕೊಡುಗೆ. ಜಿಲ್ಲೆಯ ಹಳಬರಿಗೆ ಅದು ಇಂದಿಗೂ ಮಿಷನ್ ಆಸ್ಪತ್ರೆ. ಆಸ್ಪತ್ರೆಯ ಮಂಚದ ಮೇಲೆ ಜಾತಿಯ ಕಟ್ಟು ಸ್ವಲ್ಪ ಸಡಿಲವಾಗುತ್ತಿತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಾಗ ಮೈಸೂರಿನ ಮೆಥಡಿಸ್ಟರು ಅದರೊಳಗೆ ಸೇರಿದರು. ಬೇಲೂರು, ಅರಸೀಕೆರೆ ಸೀಮೆಯ ಕಥೋಲಿಕರು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರುತ್ತಾರೆ.

ಭಾರತದ ನೆಲದಲ್ಲಿ ಈ ವಿಧಾನಕ್ಕೆ ಗಂಭೀರವಾದ ರೂಪ ಕೊಟ್ಟವರು ಅಮೆರಿಕದ ಮೆಥಡಿಸ್ಟ್ ಇ. ಸ್ಟ್ಯಾನ್ಲಿ ಜೋನ್ಸ್. 1907ರಲ್ಲಿ ಬಂದ ಅವರು ಊರಿನ ವಕೀಲರು, ಮೇಷ್ಟ್ರುಗಳು, ಅಧಿಕಾರಿಗಳನ್ನು ದುಂಡುಮೇಜಿನ ಸುತ್ತ ಕೂರಿಸಿ, ನಿಮ್ಮ ನಿಮ್ಮ ಧರ್ಮ ನಿಮ್ಮ ಬದುಕಿನಲ್ಲಿ ಏನು ಮಾಡಿದೆ ಹೇಳಿ ಎನ್ನುತ್ತಿದ್ದರು. ವಾದ ಬೇಡ, ಅನುಭವ ಹೇಳಿ ಎಂಬುದೊಂದೇ ಕಟ್ಟಳೆ. ಹಿಂದೂ, ಮುಸ್ಲಿಂ, ಬೌದ್ಧ, ನಾಸ್ತಿಕ ಎಲ್ಲರಿಗೂ ಸರದಿ ಬರುತ್ತಿತ್ತು. ಆ ಅನುಭವವನ್ನು ಅವರು 1928ರಲ್ಲಿ ಪುಸ್ತಕ ಮಾಡಿದರು. ಇಲ್ಲಿ ಹೆಸರಿಸಿದವರಲ್ಲಿ ಎದುರಿನವನ ಮಾತಿಗೂ ಸಮಾನ ಹೊತ್ತು ಕೊಟ್ಟವರು ಬಹುಶಃ ಇವರೊಬ್ಬರೇ.

ಇಂದು ಬೇಲೂರು ಸೀಮೆಯಲ್ಲಿ, ಒಟ್ಟಾರೆ ದಕ್ಷಿಣ ಕರ್ನಾಟಕದ ಸಣ್ಣ ಊರುಗಳಲ್ಲಿ, ಈ ಕೂಟಕ್ಕೆ ಹಲವು ಮುಖಗಳಿವೆ. ತಾಲ್ಲೂಕಿನ ಪಶ್ಚಿಮಕ್ಕೆ ಅರೇಹಳ್ಳಿ, ಬಿಕ್ಕೋಡು ಕಡೆ ಕಾಫಿ ತೋಟ. ಪೂರ್ವಕ್ಕೆ ಹಳೇಬೀಡು, ಮಾದಿಹಳ್ಳಿ ಕಡೆ ರಾಗಿ, ಜೋಳ, ಆಲೂಗೆಡ್ಡೆಯ ಬಯಲು. ಅದರಾಚೆ ಅರಸೀಕೆರೆಯ ತೆಂಗು ಮತ್ತು ರೈಲ್ವೆ ಜಂಕ್ಷನ್ನು. ತೋಟದ ಕಡೆಗೆ ಕರಾವಳಿಯ ಕೊಂಕಣಿ ಕಥೋಲಿಕರು ಮಾಲೀಕರಾಗಿಯೂ ಕೂಲಿಗಳಾಗಿಯೂ ಬಂದರು. ಅವರೊಂದಿಗೆ ವಾಳೆಯ ಪದ್ಧತಿಯೂ ಬಂತು: ಚರ್ಚಿನ ವ್ಯಾಪ್ತಿಯ ಮನೆಗಳನ್ನು ಗುಂಪು ಮಾಡಿ, ಒಬ್ಬ ಗುರಿಕಾರನ ಮುಂದಾಳುತನದಲ್ಲಿ ಸರದಿಯಂತೆ ಒಂದೊಂದು ಮನೆಯಲ್ಲಿ ಸೇರಿ ಜಪಸರ ಹೇಳುವುದು. 1990ರಲ್ಲಿ ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾದ ಬಿಷಪ್ಪರು ಚರ್ಚೆಂದರೆ ಇಂಥ ಕಿರು ಸಮುದಾಯಗಳ ಒಕ್ಕೂಟ ಎಂದು ಸಾರಿದ ಮೇಲೆ ಇದಕ್ಕೆ ಅಧಿಕೃತ ಬೆಂಬಲವೂ ಸಿಕ್ಕಿತು. ಇಲ್ಲಿ ಉದ್ದೇಶ ಹೊರಗಿನವರನ್ನು ಕರೆಯುವುದಕ್ಕಿಂತ ಒಳಗಿನವರು ಚದುರದಂತೆ ಹಿಡಿದಿಡುವುದು.

ಹೊರಗಿನವರು ನಿಜವಾಗಿ ಒಳಗೆ ಬರುವುದು ಕ್ರಿಸ್‌ಮಸ್ಸಿಗೆ. ಗೋದಲಿ ನೋಡಲು ಬೀದಿಯ ಮಕ್ಕಳೆಲ್ಲ ನುಗ್ಗುತ್ತವೆ. ಕರಾವಳಿ ಮೂಲದವರ ಮನೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ ತುಂಬಿದ ಕುಸ್ವಾರಿನ ತಟ್ಟೆ, ಕನ್ನಡ ಕ್ರೈಸ್ತರ ಮನೆಯಲ್ಲಿ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ. ಯುಗಾದಿಗೆ ಹೋಳಿಗೆ, ರಂಜಾನಿಗೆ ಸುರುಕುಂಬ ಬಂದದ್ದಕ್ಕೆ ಇದು ಮರುಋಣ. ಕೇಕು ತಿಂದು ಯಾರೂ ಮತ ಬದಲಿಸಿದ್ದಿಲ್ಲ; ಆದರೆ ಹಿಂದೆ ಮುಟ್ಟದೆ ಬಿಡುತ್ತಿದ್ದ ಮನೆಗಳು ಈಗ ತಿನ್ನುತ್ತವೆ. ನೂರೈವತ್ತು ವರ್ಷದ ಉಪದೇಶಕ್ಕೆ ಆಗದ ಕೆಲಸವನ್ನು ಹೋಟೆಲು, ಶಾಲೆ, ಬಸ್ಸು, ಬೇಕರಿಗಳು ಮಾಡಿ ಮುಗಿಸಿವೆ. ಸಹಭೋಜನದ ಈ ಸಡಿಲಿಕೆಯ ಕೀರ್ತಿಯನ್ನು ಚರ್ಚುಗಳು ಪೂರ್ತಿ ತಮ್ಮದೆಂದುಕೊಳ್ಳುವಂತಿಲ್ಲ, ಅಯ್ಯಂಗಾರ್ ಬೇಕರಿಗೂ ಒಂದು ಪಾಲು ಸಲ್ಲಬೇಕು.

ಇನ್ನೊಂದು, ಹೆಚ್ಚು ಚುರುಕಾದ ರೂಪ ಪೆಂಟಕಾಸ್ಟಲ್ ಮತ್ತು ಸ್ವತಂತ್ರ ಸಭೆಗಳದು. ಭಾನುವಾರ ಬಾಡಿಗೆಯ ಹಾಲಿನಲ್ಲಿ ಆರಾಧನೆ, ವಾರದ ನಡುವೆ ಯಾರದಾದರೂ ಮನೆಯಲ್ಲಿ ಪ್ರಾರ್ಥನಾ ಕೂಟ, ಶುಕ್ರವಾರ ಉಪವಾಸ ಪ್ರಾರ್ಥನೆ. ಹೆಂಗಸರೇ ಹೆಚ್ಚು, ತಲೆಯ ಮೇಲೆ ಸೆರಗು, ಕೈಯಲ್ಲಿ ಕಂಜರ. ಮೊದಲು ಹಾಡು, ಆಮೇಲೆ ಸಾಕ್ಷಿ, ಅಂದರೆ ತಮ್ಮ ಕಷ್ಟ ಹೇಗೆ ನೀಗಿತು ಎಂದು ಒಬ್ಬೊಬ್ಬರೇ ಹೇಳುವುದು, ಆಮೇಲೆ ಪಾಸ್ಟರರ ವಾಕ್ಯ, ಕೊನೆಗೆ ಹೆಸರು ಹಿಡಿದು ಪ್ರಾರ್ಥನೆ. ಗಂಡನ ಕುಡಿತ, ಸ್ವಸಹಾಯ ಸಂಘದ ಕಂತು, ಮಗಳ ಹೆರಿಗೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಆಸ್ಪತ್ರೆಗೆ ಸುತ್ತಿ ಸುತ್ತಿ ವಾಸಿಯಾಗದ ಹೊಟ್ಟೆನೋವು. ಪಕ್ಕದ ಮನೆಯಾಕೆ ಒಳಗೆ ಬರುವುದು ಧರ್ಮಶಾಸ್ತ್ರ ಕೇಳಲಿಕ್ಕಲ್ಲ, ತನ್ನ ಹೊಟ್ಟೆನೋವು ಹೇಳಿಕೊಳ್ಳಲಿಕ್ಕೆ. ಮುಗಿದ ಮೇಲೆ ಟೀ, ಬಿಸ್ಕತ್ತು, ಅನುಕೂಲವಿದ್ದ ಮನೆಯಾದರೆ ಉಪ್ಪಿಟ್ಟು. ಬೀದಿಯ ಕೊನೆಯಲ್ಲಿ ನಡೆಯುವ ಭಜನಾ ಮಂಡಳಿಗೂ ಸತ್ಯನಾರಾಯಣ ಪೂಜೆಗೂ ಈ ಕೂಟಕ್ಕೂ ಕೂರುವ ಭಂಗಿಯಲ್ಲಿ, ಪ್ರಸಾದದ ಜಾಗದಲ್ಲಿ ತಿಂಡಿ ಇರುವುದರಲ್ಲಿ ಹೋಲಿಕೆ ಎದ್ದು ಕಾಣುತ್ತದೆ. ಕೂಟಕ್ಕೆ ಮನೆ ಬಿಟ್ಟುಕೊಡುವ ಹೆಂಗಸಿಗೆ ಬೀದಿಯಲ್ಲಿ ಒಂದು ಸ್ಥಾನ ಸಿಗುತ್ತದೆ. ಪಾಸ್ಟರ್ ಆಕೆಯ ಮನೆಗೆ ಬಂದ ಅತಿಥಿ. ಅನೇಕ ಕಡೆ ಸಭೆ ಬೆಳೆಯುವುದು ಈ ಹೆಂಗಸರ ಪರಿಚಯದ ಬಲದಿಂದ, ವೇದಿಕೆಯ ಮೇಲಿನ ಬೋರ್ಡಿನಲ್ಲಿ ಇರುವುದು ಗಂಡಸರ ಹೆಸರು.

ಮಕ್ಕಳಿಗಾಗಿ ಬೇಸಗೆಯಲ್ಲಿ ನಡೆಯುವ ರಜಾ ಬೈಬಲ್ ಶಾಲೆ ಇನ್ನೊಂದು ಬಾಗಿಲು. ಕತೆ, ಅಭಿನಯಗೀತೆ, ಬಣ್ಣದ ಕಾಗದ, ಕೊನೆಯ ದಿನ ಬಹುಮಾನ. ಇದರ ಮೂಲಗಳಲ್ಲೊಂದು ವಿಚಿತ್ರವಾಗಿದೆ: 1898ರಲ್ಲಿ ನ್ಯೂಯಾರ್ಕಿನ ಎಲೈಜಾ ಹಾಸ್ ಎಂಬಾಕೆ ಬೀದಿ ಅಲೆಯುವ ಮಕ್ಕಳಿಗಾಗಿ ಬಾಡಿಗೆಗೆ ಹಿಡಿದದ್ದು ಒಂದು ಬಿಯರ್ ಮಳಿಗೆಯನ್ನು.

ಹೊರಜಗತ್ತಿನಲ್ಲಿ ಹೆಸರಾದ ಎರಡು ಮಾದರಿಗಳು ಕರ್ನಾಟಕದ ನಗರಗಳಿಗೂ ಬಂದಿವೆ. ದಕ್ಷಿಣ ಕೊರಿಯಾದ ಡೇವಿಡ್ ಯೊಂಗಿ ಚೋ 1960ರ ದಶಕದಲ್ಲಿ, ಕಾಯಿಲೆಯಿಂದ ಕುಸಿದು ಕೆಲಸ ಹಂಚಬೇಕಾಗಿ ಬಂದಾಗ, ಸಭೆಯನ್ನು ಮನೆಗುಂಪುಗಳಾಗಿ ಒಡೆದು ಹೆಚ್ಚಾಗಿ ಮಹಿಳೆಯರನ್ನೇ ನಾಯಕಿಯರನ್ನಾಗಿ ಮಾಡಿದರು. ಸೋಲ್ ನಗರದ ಆ ಸಭೆ ಜಗತ್ತಿನ ಅತಿ ದೊಡ್ಡ ಸಭೆಗಳಲ್ಲೊಂದಾಯಿತು. ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚು 1977ರಲ್ಲಿ ಶುರುಮಾಡಿದ, 1990ರಿಂದ ನಿಕಿ ಗಂಬೆಲ್ ಬೆಳೆಸಿದ ಆಲ್ಫಾ ಕೋರ್ಸಿನಲ್ಲಿ ಪ್ರತಿ ಕೂಟ ಶುರುವಾಗುವುದು ಊಟದಿಂದ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಒಗ್ಗುವ ಈ ಪದ್ಧತಿ ಮಾದಿಹಳ್ಳಿಯಂಥ ಕಡೆ ಒಗ್ಗುವುದು ಕಷ್ಟ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಪರಿಚಯ ಮಾಡಿಕೊಳ್ಳಲು ನೆಪ ಬೇಕು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಯಾರ ಮನೆಗೆ ಯಾರು ಹೋದರೆಂಬುದೂ ಗೊತ್ತು.

ಆ ಗೊತ್ತಿರುವಿಕೆಯೇ ಇಂದಿನ ವಿವಾದದ ಬೇರು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಈ ಎರಡರ ನಡುವಿನ ಜಾಗ ಎಷ್ಟೆಂಬುದು ಮನೆಕೂಟದಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯೇ ಮತಾಂತರವಾಗಿದ್ದಾರೆಂದು ವಿಧಾನಸಭೆಯಲ್ಲಿ ಹೇಳಿದ ಮೇಲೆ ವಿಷಯ ಕಾವೇರಿತು. ಅದೇ ವರ್ಷ ನವೆಂಬರ್ 28ರ ಭಾನುವಾರ ಬೇಲೂರಿನ ಪ್ರಾರ್ಥನಾ ಮಂದಿರವೊಂದಕ್ಕೆ ಬಲಪಂಥೀಯ ಸಂಘಟನೆಯ ಕಾರ್ಯಕರ್ತರು ನುಗ್ಗಿ, ಮತಾಂತರ ನಡೆಯುತ್ತಿದೆ ಎಂದು ಆರೋಪಿಸಿದರು. ಒಳಗಿದ್ದ ಹೆಂಗಸರು ಹೆದರಿ ಮೂಲೆ ಸೇರಲಿಲ್ಲ. ಎದುರು ನಿಂತು ಪ್ರಶ್ನಿಸಿದರು, ಅದರ ವಿಡಿಯೊ ರಾಜ್ಯದಾಚೆಗೂ ಹರಡಿತು. ಆ ವರ್ಷದ ಜನವರಿಯಿಂದ ನವೆಂಬರ್‌ವರೆಗೆ ಕರ್ನಾಟಕದಲ್ಲಿ ಕ್ರೈಸ್ತರ ಮೇಲೆ ನಡೆದ ಇಂಥ 39 ಘಟನೆಗಳನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ದಾಖಲಿಸಿತು. ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರು 2011ರ ಜನಗಣತಿಯ ಪ್ರಕಾರ ಶೇ 1.87.

ಮತಾಂತರ ನಿಷೇಧದ ಮಸೂದೆಗೆ 2021ರ ಡಿಸೆಂಬರ್ 23ರಂದು ವಿಧಾನಸಭೆ ಒಪ್ಪಿಗೆ ಕೊಟ್ಟಿತು. 2022ರ ಮೇನಲ್ಲಿ ಅದು ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ಕಾಯ್ದೆಯಾಗಿ ಬಂತು. ನೆರೆಹೊರೆಯ ಕೂಟದ ಮಟ್ಟಿಗೆ ಅದರಲ್ಲಿ ಮುಖ್ಯವಾದದ್ದು ಆಮಿಷದ ವ್ಯಾಖ್ಯೆ. ಉಡುಗೊರೆ, ಹಣ, ವಸ್ತುರೂಪದ ಲಾಭ, ಉದ್ಯೋಗ, ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನಶೈಲಿ, ದೈವಕೋಪದ ಮಾತು ಎಲ್ಲವೂ ಅದರೊಳಗೆ ಬರುತ್ತವೆ. ತಟ್ಟೆ ತಿಂಡಿ ಅತಿಥಿಸತ್ಕಾರವೋ ಆಮಿಷವೋ ಎಂಬುದನ್ನು ಮುಂಚಿತವಾಗಿ ಹೇಳುವ ಗೆರೆ ಅದರಲ್ಲಿಲ್ಲ. ತಪ್ಪು ಮಾಡಿಲ್ಲವೆಂದು ಸಾಬೀತು ಮಾಡುವ ಹೊಣೆ ಆರೋಪಿಯದು. ದೂರು ಕೊಡಲು ತಂದೆ ತಾಯಿ, ಒಡಹುಟ್ಟಿದವರು, ನಂಟರಷ್ಟೇ ಅಲ್ಲ, ಸಹೋದ್ಯೋಗಿಗೂ ಅವಕಾಶವಿದೆ. ಶಿಕ್ಷೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ ಪಂಗಡದವರ ವಿಷಯದಲ್ಲಿ ಹತ್ತು ವರ್ಷದವರೆಗೆ. ಮನೆಕೂಟಕ್ಕೆ ಬರುವವರಲ್ಲಿ ಹೆಚ್ಚಿನವರು ಈ ಎರಡನೆಯ ಪಟ್ಟಿಗೆ ಸೇರಿದವರು. ಸರ್ಕಾರ ಬದಲಾದ ಮೇಲೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದುಪಡಿಸಲು ತೀರ್ಮಾನಿಸಿತು. ಇತ್ತ ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾಡೊ ಕ್ರೈಸ್ತರ ಮೇಲಿನ ದಾಳಿಗಳ ಕುರಿತು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2022ರ ಸೆಪ್ಟೆಂಬರಿನಲ್ಲಿ ಕೋರ್ಟು ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಂದ ವರದಿ ತರಿಸಿಕೊಳ್ಳುವಂತೆ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು.

ಕ್ರೈಸ್ತರ ಒಳಗೂ ಈ ವಿಧಾನದ ಬಗ್ಗೆ ಒಮ್ಮತವಿಲ್ಲ. ಸಂಖ್ಯೆಯ ಗುರಿ ಇಟ್ಟುಕೊಂಡು ಪಕ್ಕದ ಮನೆಯವರ ಗೆಳೆತನ ಮಾಡುವುದು ಗೆಳೆತನಕ್ಕೇ ಅಪಚಾರ ಎನ್ನುವವರು ಹಳೆಯ ಸಭೆಗಳಲ್ಲಿ ಬಹಳ ಮಂದಿ. ನಂಬಿದ್ದನ್ನು ಮುಚ್ಚಿಟ್ಟು ಕಾಫಿ ಮಾತ್ರ ಕೊಡುವುದು ಕಪಟ ಎನ್ನುವವರು ಹೊಸ ಸಭೆಗಳವರು. ಸಿಎಸ್‌ಐ ಮತ್ತು ಕಥೋಲಿಕರಲ್ಲಿ ಕೆಲವರು ಬೀದಿಯ ಗದ್ದಲಕ್ಕೆ ಪೆಂಟಕಾಸ್ಟಲರ ಅವಸರವೇ ಕಾರಣವೆಂದು ದೂರುತ್ತಾರೆ. ಪೆಂಟಕಾಸ್ಟಲರು, ನಿಮಗೆ ಕಟ್ಟಡ, ಶಾಲೆ, ಆಸ್ಪತ್ರೆಗಳಿವೆ, ನಮಗಿರುವುದು ಬಾಡಿಗೆಯ ನಡುಮನೆಯೊಂದೇ ಎಂದು ತಿರುಗಿ ಕೇಳುತ್ತಾರೆ. ಆ ಬಾಡಿಗೆ ಮನೆಯೂ ಸುಲಭಕ್ಕೆ ಸಿಗುವುದಿಲ್ಲ. ಪ್ರಾರ್ಥನೆ ನಡೆಯುತ್ತದೆ ಎಂದು ಗೊತ್ತಾದರೆ ಮಾಲೀಕರು ಹಿಂದೆಗೆಯುತ್ತಾರೆ. 2020ರ ಲಾಕ್‌ಡೌನಿನಲ್ಲಿ ಕೂಟಗಳು ಮೊಬೈಲಿನ ಪರದೆಗೆ ಹೋದವು. ಆಮೇಲೆ ಮತ್ತೆ ಮನೆಗೆ ಬಂದರೂ ಹಲವು ಕಡೆ ಪ್ರಾರ್ಥನೆಯ ಕೋರಿಕೆಗಳು ವಾಟ್ಸ್ಆ್ಯಪ್ ಗುಂಪಿನಲ್ಲೇ ಬರುತ್ತವೆ. ಅಲ್ಲಿ ಹೆಸರು ಹಾಕದೆ ಬರೀ ಊರು ಮತ್ತು ಕಾಯಿಲೆ ಬರೆದರೂ ಆಗುತ್ತದೆ.